ಉಪ್ಪುನೀರಿನ ಮೀನಿನ ಟ್ಯಾಂಕಿನ ಹೊಯ್ಗೆ (ಮರಳು) ಕ್ಲೀನ್ ಇಡ್ಲಿಕ್ಕೆ ಯಾವ ಜೀವಿ ತರ್ಬೇಕು, ಎಷ್ಟು ತರ್ಬೇಕು

ಟ್ಯಾಂಕ್ ಇಟ್ಟು ಎರಡು ಮೂರು ತಿಂಗಳಾಗುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಹೊಯ್ಗೆ ಕಂದು ಬಣ್ಣ ಆಗಿದೆ, ಎಂತ ಬಿಟ್ರೆ ಕ್ಲೀನ್ ಆಗ್ತದೆ?" ನಮ್ಮ ಕಾಸರಗೋಡು ಕಡೆ ಕುಂಬ್ಳೆಯವರು ಕೇಳಿದ್ದಾರೆ, ಬದಿಯಡ್ಕದವರು ಕೇಳಿದ್ದಾರೆ, ಈ ವಾರ ಉಪ್ಪಳದಿಂದ ಒಬ್ರು ಫೋಟೋ ಕಳ್ಸಿ ಪುನಃ ಅದನ್ನೇ ಕೇಳಿದ್ರು. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಯೋ ಬದಲು ಎಲ್ಲ ಒಂದೇ ಕಡೆ ಬರೀತಿದ್ದೇನೆ, ಸ್ವಲ್ಪ ಉದ್ದ ಆಗ್ತದೆ, ಆದ್ರೂ ಪೂರ್ತಿ ಓದಿ ಆಮೇಲೆ ಅಂಗಡಿಗೆ ಹೋಗಿ.

ಪಾಚಿ, ಮೀನು ತಿನ್ನದೆ ಬಿಟ್ಟ ತಿಂಡಿ, ಸತ್ತ ಚೂರುಪಾರು ಇದನ್ನೆಲ್ಲ ತಿಂದು ಬದುಕುವ ಜೀವಿಗಳ ಗುಂಪಿಗೆ ಈ ಹವ್ಯಾಸದಲ್ಲಿ ಕ್ಲೀನಪ್ ಕ್ರೂ ಅಂತಾರೆ. ಬಸವನಹುಳು, ಸನ್ಯಾಸಿ ಏಡಿ, ನಕ್ಷತ್ರ ಮೀನು, ಹೊಯ್ಗೆ ಜರಡಿ ಹಿಡಿಯುವ ಮೀನು ಎಲ್ಲ ಇದ್ರಲ್ಲಿ ಬರ್ತದೆ. ಆ ಹೆಸರಿನಿಂದಲೇ ತೊಂದರೆ ಶುರು ಆಗೋದು, ಯಾಕಂದ್ರೆ ಜನ ಇವನ್ನು ಹಿಡಿಸೂಡಿ ಹಾಗೆ ನೋಡ್ತಾರೆ, ಇಪ್ಪತ್ತು ತಂದು ಹಾಕಿದ್ರೆ ಜಾಸ್ತಿ ಕ್ಲೀನ್ ಆಗ್ತದೆ ಅಂತ ಲೆಕ್ಕ ಹಾಕ್ತಾರೆ. ಇವಕ್ಕೂ ಹಸಿವು ಉಂಟು. ಮೊದಲ ವಾರ ಇದ್ದದ್ದೆಲ್ಲ ತಿಂದು ಮುಗಿಸ್ತಾವೆ, ಮತ್ತೆ ತಿನ್ಲಿಕ್ಕೆ ಎಂತದೂ ಇಲ್ಲದೆ ಒಂದೊಂದೇ ಸಾಯ್ತಾವೆ, ಸತ್ತದ್ದು ಹೊಯ್ಗೆ ಒಳಗೇ ಕೊಳೆತು ಅಮೋನಿಯ ಏರ್ತದೆ, ಮೀನೂ ಹೋಗ್ತದೆ. ಹಾಗಾಗಿ ನಾನು ಎಲ್ಲರಿಗೂ ಹೇಳೋದು ಇಷ್ಟೇ, ನಿಮ್ಮ ಹೊಯ್ಗೆ ಮೇಲಿರೋದು ಯಾವ ಗಲೀಜು ಅಂತ ಮೊದಲು ತಿಳ್ಕೊಳ್ಳಿ, ಅದನ್ನು ತಿನ್ನುವ ಜೀವಿ ಮಾತ್ರ ತನ್ನಿ, ಅದ್ರ ಹೊಟ್ಟೆ ತುಂಬುವಷ್ಟು ಆಹಾರ ಇದ್ರೆ ಮಾತ್ರ ತನ್ನಿ.

ಹಂತ 1: ಹೊಯ್ಗೆ ಮೇಲೆ ಇರೋದು ಎಂತದು ಅಂತ ನೋಡಿ

ಕಂದು ಕಂಡದ್ದೆಲ್ಲ ಒಂದೇ ಅಲ್ಲ. ಒಂದು ಟಾರ್ಚ್, ಒಂದು ದೊಡ್ಡ ಡ್ರಾಪರ್ ಅಥವಾ ಸೂಜಿ ತೆಗೆದ ಸಿರಿಂಜ್ ತೆಗೊಂಡು ಟ್ಯಾಂಕ್ ಹತ್ರ ಕೂತ್ಕೊಳ್ಳಿ.

ಡಯಾಟಮ್: ಒಂದು ಜಾತಿ ಸಣ್ಣ ಪಾಚಿ. ಕಂದು ಹುಡಿ, ಕಾಫಿ ಪುಡಿ ಉದುರಿಸಿದ ಹಾಗೆ ಇರ್ತದೆ, ಸಿರಿಂಜಲ್ಲಿ ಊದಿದ್ರೆ ಹೊಗೆ ಹಾಗೆ ಎದ್ದು ಹೋಗ್ತದೆ. ಹೊಸ ಟ್ಯಾಂಕಲ್ಲಿ ಇದು ಬಂದೇ ಬರ್ತದೆ. ಇದಕ್ಕೆ ಬೇಕಾದ ಆಹಾರ ಸಿಲಿಕೇಟ್, ಅಂದ್ರೆ ನೀರಲ್ಲಿ ಕರಗಿದ ಸಿಲಿಕಾ. ನಮ್ಮಲ್ಲಿ ತುಂಬ ಜನ ಬಾವಿ ನೀರಿಗೇ ಉಪ್ಪು ಕಲಸಿ ಹಾಕ್ತಾರೆ, ಬಾವಿ ನೀರಲ್ಲಿ ಸಿಲಿಕೇಟ್ ಇದ್ದೇ ಇರ್ತದೆ, ಹಾಗಾಗಿ ಅವರ ಟ್ಯಾಂಕಲ್ಲಿ ಇದು ಹೋಗೋದೇ ಇಲ್ಲ. ಆರ್‌ಓ ಡಿಐ ಫಿಲ್ಟರ್ ನೀರು (ಕುಡಿಯುವ ಆರ್‌ಓ ಮುಗಿದ ಮೇಲೆ ಇನ್ನೊಂದು ರೆಸಿನ್ ಹಂತ ಇರುವಂತದ್ದು) ಉಪಯೋಗಿಸಿದ್ರೆ ಕೆಲವು ವಾರದಲ್ಲಿ ತನ್ನಷ್ಟಕ್ಕೆ ಕಡಿಮೆ ಆಗ್ತದೆ. ಸೆರಿತ್ ಬಸವನಹುಳು, ಕಂಚ್ (ಸಣ್ಣ ಶಂಖದ ಜಾತಿ) ಎರಡೂ ಇದನ್ನು ಚೆನ್ನಾಗಿ ತಿಂತಾವೆ.

ಸಯನೊ: ನೇರಳೆ ಕೆಂಪು ಅಥವಾ ಕಡು ಹಸಿರು, ಲೋಳೆ ಲೋಳೆ ಚಾಪೆ, ಒಂದು ಮೂಲೆ ಹಿಡಿದು ಎತ್ತಿದ್ರೆ ಪದರವಾಗಿ ಬರ್ತದೆ. ಇದು ಪಾಚಿ ಅಲ್ಲ, ಒಂದು ಜಾತಿ ಬ್ಯಾಕ್ಟೀರಿಯ. ಇದನ್ನು ತಿಂತದೆ ಅಂತ ನೆಚ್ಚಬಹುದಾದ ಪ್ರಾಣಿ ಯಾವುದೂ ಇಲ್ಲ, ಅಂಗಡಿಯಲ್ಲಿ ಯಾರಾದ್ರೂ ಉಂಟು ಅಂತ ಹೇಳಿದ್ರೆ ನಂಬಬೇಡಿ. ಪೈಪಲ್ಲಿ ನೀರಿನ ಜೊತೆ ಎಳೆದು ತೆಗೀರಿ, ಆ ಜಾಗಕ್ಕೆ ನೀರಿನ ಹರಿವು ಹೆಚ್ಚು ಮಾಡಿ, ಮೀನಿಗೆ ಹಾಕುವ ತಿಂಡಿ ಕಡಿಮೆ ಮಾಡಿ.

ಡೈನೊ (ಡೈನೊಫ್ಲಾಜೆಲೇಟ್ ಅನ್ನುವ ತೀರಾ ಸಣ್ಣ ಜೀವಿ): ಇದೇ ನಿಜವಾಗಿ ಹೆದರಬೇಕಾದದ್ದು. ಕಂದು ಬಣ್ಣದ ಸಿಂಬಳ ಹಾಗೆ, ದಾರ ದಾರ, ದಾರದ ತುದಿಯಲ್ಲಿ ಗಾಳಿ ಗುಳ್ಳೆ, ಬೆಳಿಗ್ಗೆ ಕಡಿಮೆ ಇದ್ದು ಲೈಟ್ ಹಾಕಿ ಮಧ್ಯಾಹ್ನ ಆಗುವಾಗ ತುಂಬಿ ಬರ್ತದೆ. ಡಯಾಟಮ್ಮಾ ಡೈನೊವಾ ಅಂತ ಸಂಶಯ ಇದ್ರೆ ಸ್ವಲ್ಪ ಸಿರಿಂಜಲ್ಲಿ ಎಳ್ಕೊಂಡು ಟ್ಯಾಂಕಿನ ನೀರಿನ ಜೊತೆ ಸಣ್ಣ ಬಾಟ್ಲಿಗೆ ಹಾಕಿ ಜೋರಾಗಿ ಕುಲುಕಿ, ಟಿಶ್ಯೂ ಪೇಪರಲ್ಲಿ ಸೋಸಿ, ಆ ಸೋಸಿದ ನೀರನ್ನು ಲೈಟ್ ಕೆಳಗೆ ಒಂದು ಗಂಟೆ ಇಡಿ. ಅದು ಪುನಃ ಒಟ್ಟು ಸೇರಿ ಲೋಳೆ ಗಂಟು ಕಟ್ಟಿದ್ರೆ ಡೈನೊ. ಕೆಲವು ಜಾತಿ ಡೈನೊ ವಿಷ, ಅದನ್ನು ತಿಂದ ಬಸವನಹುಳುಗಳು ಸಾಯ್ತಾವೆ. ಹಾಗಾಗಿ ಡೈನೊ ಇದ್ರೆ ಯಾವ ಜೀವಿಯನ್ನೂ ತರ್ಲೇಬೇಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ ಟ್ಯಾಂಕಲ್ಲೇ ಇದು ಹೆಚ್ಚು ಬರೋದು, ಮೊದಲು ಆ ಟೆಸ್ಟ್ ಮಾಡಿ ನೋಡಿ.

ಡೆಟ್ರೈಟಸ್: ಬೂದು ಬಣ್ಣದ ಹುಡಿ. ಮೀನಿನ ಹಿಕ್ಕೆ, ಕೊಳೆತ ತಿಂಡಿ ಎಲ್ಲ ಸೇರಿ ಆದದ್ದು. ಹೊಯ್ಗೆ ಮೇಲೆ ಕೈ ಬೀಸಿದ್ರೆ ಮೋಡ ಹಾಗೆ ಏಳ್ತದೆ. ಇಲ್ಲಿ ಒಂದು ವಿಷಯ ಸರಿ ಅರ್ಥ ಮಾಡ್ಕೊಳ್ಳಿ, ಬಸವನಹುಳು ಅದನ್ನು ತಿಂದ್ರೂ ಹಿಂದಿನಿಂದ ಅದೇ ಹೊರಗೆ ಬರ್ತದೆ, ಟ್ಯಾಂಕಿನ ಒಳಗೇ ಇರ್ತದೆ. ಅದನ್ನು ಮನೆಯಿಂದ ಹೊರಗೆ ಹಾಕ್ಲಿಕ್ಕೆ ಪೈಪೇ ಬೇಕು.

ಮತ್ತೆ ಉಳಿದದ್ದು ಮೀನು ಬಿಟ್ಟ ಪೆಲೆಟ್, ಸಿಗಡಿ ಚೂರು. ಅದಕ್ಕೆ ನಸ್ಸಾರಿಯಸ್ ಅನ್ನುವ ಬಸವನಹುಳು ಬೇಕು, ಕೆಳಗೆ ಹೇಳ್ತೇನೆ.

ಹಂತ 2: ಹೊಯ್ಗೆ ಎಂತದ್ದು, ಎಷ್ಟು ದಪ್ಪ ಉಂಟು

ಹೊಯ್ಗೆಯಲ್ಲಿ ಹೂತು ಬದುಕುವ ಜೀವಿಗೆ ಸಣ್ಣ ಕಾಳಿನ ಹೊಯ್ಗೆ ಬೇಕು, ಸಣ್ಣ ರವೆಯಿಂದ ದಪ್ಪ ಸಕ್ಕರೆ ಕಾಳಿನವರೆಗೆ, ಅಂದ್ರೆ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರ್ ಒಳಗೆ. ಹವಳದ ದೊಡ್ಡ ಚೂರು ಹಾಕಿದ್ರೆ ನಸ್ಸಾರಿಯಸ್‌ಗೆ ಇಳಿಯಲಿಕ್ಕಾಗುದಿಲ್ಲ, ಕಂಚಿನ ಸೊಂಡಿಲಿಗೆ, ಗೋಬಿ ಮೀನಿನ ಕಿವಿರಿಗೆ ಗಾಯ ಆಗ್ತದೆ. ದಪ್ಪ ಒಂದೂವರೆ ಎರಡು ಇಂಚು ಇದ್ರೆ ಹೆಚ್ಚಿನ ಜೀವಿಗಳಿಗೆ ಸಾಕು.

ನಾಲ್ಕು ಇಂಚಿನಿಂದ ಮೇಲೆ ಹಾಕಿದವರು ಜಾಗ್ರತೆ. ಅಡಿಯಲ್ಲಿ ಆಮ್ಲಜನಕ ಇಲ್ಲದ ಪದರ ಆಗ್ತದೆ, ಅಲ್ಲಿನ ಬ್ಯಾಕ್ಟೀರಿಯ ನೈಟ್ರೇಟನ್ನು ಮುರಿದು ಗಾಳಿ ಮಾಡಿ ಬಿಡ್ತಾವೆ, ಅದು ಒಳ್ಳೇದೇ. ಆದ್ರೆ ಅದೇ ಪದರದಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸಹ ಆಗ್ತದೆ, ಗ್ಲಾಸಿನ ಹೊರಗಿನಿಂದ ನೋಡಿದ್ರೆ ಕಪ್ಪು ಕಲೆ ಕಾಣ್ತದೆ. ಅಂತಾ ಹೊಯ್ಗೆಯನ್ನು ಒಮ್ಮೆಲೇ ಪೂರ್ತಿ ಕೆದಕಿದ್ರೆ ಮೀನುಗಳು ಒಂದೇ ದಿನದಲ್ಲಿ ಹೋಗ್ಬಹುದು. ಆಳಕ್ಕೆ ಅಗೆಯುವ ಜೀವಿಯನ್ನು ಹಳೇ ದಪ್ಪ ಹೊಯ್ಗೆಗೆ ಹೊಸದಾಗಿ ತಂದು ಬಿಡೋದೂ ಅದೇ ತಪ್ಪು.

"ನಮ್ಮ ಮನೆಯಿಂದ ಕಡಲಿಗೆ ಐದು ನಿಮಿಷ, ಅಲ್ಲಿಂದಲೇ ಹೊಯ್ಗೆ ತಂದ್ರೆ ಆಗ್ತದಾ?" ಇದನ್ನು ಪ್ರತಿ ಸಲ ಯಾರಾದ್ರೂ ಕೇಳ್ತಾರೆ. ಬೇಡ. ನಮ್ಮ ಕರಾವಳಿಯ ಹೊಯ್ಗೆ ಹೆಚ್ಚಿನದ್ದು ಕ್ವಾರ್ಟ್ಸ್, ನಡುನಡುವೆ ಕಪ್ಪು ಖನಿಜದ ಗೆರೆ. ಟ್ಯಾಂಕಿಗೆ ಬೇಕಾದದ್ದು ಅರಗೊನೈಟ್, ಅಂದ್ರೆ ಹವಳ ಚಿಪ್ಪು ಹುಡಿಯಾಗಿ ಆದ ಸುಣ್ಣದ ಹೊಯ್ಗೆ. ದೋಣಿ ನಿಲ್ಲುವ ಕಡೆ ಡೀಸೆಲ್ ಸೇರಿರ್ತದೆ, ಹೊಳೆ ಸೇರುವ ಅಳಿವೆ ಹತ್ರ ತೋಟದ ನೀರು ಸೇರಿರ್ತದೆ. ಕಡಲತಡಿಯ ಹೊಯ್ಗೆ ತುಂಬಿಸಿ ತರ್ಲಿಕ್ಕೆ ಕಾನೂನಿನ ಅಡ್ಡಿಯೂ ಉಂಟು.

ಹಂತ 3: ಟ್ಯಾಂಕ್ ತಯಾರಾಗಿದ್ಯಾ ನೋಡಿ

ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಬರದೆ ಯಾವುದನ್ನೂ ತರ್ಬೇಡಿ. ಅದಕ್ಕೆ ಸಾಧಾರಣ ನಾಲ್ಕರಿಂದ ಆರು ವಾರ ಬೇಕು. ಉಪ್ಪಿನ ಅಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಉಪ್ಪು ಅಳೆಯುವ ಮೀಟರಲ್ಲಿ 1.025ರಿಂದ 1.026. ಬಸವನಹುಳುವಿನ ಚಿಪ್ಪು ಸುಣ್ಣದ್ದೇ ಆದ ಕಾರಣ ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಆಲ್ಕಲಿನಿಟಿ 8ರಿಂದ 9 ಡಿಕೆಎಚ್ ಇರ್ಲಿ, ಇಲ್ಲದಿದ್ರೆ ಚಿಪ್ಪಿನ ತುದಿ ಬೆಳ್ಳಗಾಗಿ ಸವೆಯಲಿಕ್ಕೆ ಶುರು ಆಗ್ತದೆ. ಶಾಖ 25ರಿಂದ 27 ಡಿಗ್ರಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ನೀರು 30 ದಾಟ್ತದೆ, ನೀರು ಬಿಸಿಯಾದಷ್ಟೂ ಅದ್ರಲ್ಲಿ ಆಮ್ಲಜನಕ ಕಡಿಮೆ, ಚಿಲ್ಲರ್ ಇಲ್ಲದವರು ನೀರಿನ ಮೇಲಕ್ಕೆ ಫ್ಯಾನ್ ಇಡಿ, ಆವಿಯಾದ ನೀರಿಗೆ ಬದಲು ಸಿಹಿ ಆರ್‌ಓ ನೀರು ಹಾಕಿ, ಉಪ್ಪುನೀರು ಹಾಕ್ಬೇಡಿ. ಆವಿಯಾಗಿ ಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರ್ತದೆ.

ಈಗ ತಾಮ್ರದ ವಿಷಯ, ಇದನ್ನು ನಮ್ಮ ಊರಿನವರು ಎರಡೆರಡು ಸಲ ಓದಿ. ಬೆನ್ನುಮೂಳೆ ಇಲ್ಲದ ಜೀವಿಗಳಿಗೆ, ಅಂದ್ರೆ ಬಸವನಹುಳು, ಏಡಿ, ಸಿಗಡಿ, ನಕ್ಷತ್ರ ಮೀನು ಇವಕ್ಕೆ ತಾಮ್ರ ಅಂದ್ರೆ ವಿಷ, ಮೀನು ತಡ್ಕೊಳ್ಳುವ ಪ್ರಮಾಣದಲ್ಲಿಯೇ ಇವು ಸಾಯ್ತಾವೆ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಮದ್ದಲ್ಲಿ ತಾಮ್ರ ಇರ್ತದೆ, ಆ ಮದ್ದು ಹಾಕಿದ ಟ್ಯಾಂಕಿನ ಕಲ್ಲಿಗೂ ಹೊಯ್ಗೆಗೂ ತಾಮ್ರ ಹಿಡಿದು ಆಮೇಲೆ ಸ್ವಲ್ಪ ಸ್ವಲ್ಪ ಬಿಡ್ತಾ ಇರ್ತದೆ. ಹಳೇ ಟ್ಯಾಂಕ್ ಸೆಕೆಂಡ್ ಹ್ಯಾಂಡ್ ತೆಗೊಳ್ಳುವಾಗ ಇದನ್ನು ಕೇಳಿ.

ಇದಕ್ಕಿಂತ ಹತ್ತಿರದ್ದು ನಮ್ಮ ಅಡಿಕೆ ತೋಟ. ಮಳೆಗಾಲದಲ್ಲಿ ಮಹಾಳಿಗೆ, ಅಂದ್ರೆ ಕೊಳೆರೋಗಕ್ಕೆ, ಬಿಡುವ ಬೋರ್ಡೋ ಮದ್ದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು ಇರ್ತದೆ, ಮೈಲುತುತ್ತು ಅಂದ್ರೆ ಕಾಪರ್ ಸಲ್ಫೇಟ್, ಅದ್ರಲ್ಲಿ ಕಾಲು ಭಾಗ ತಾಮ್ರವೇ. ಮದ್ದು ಬಿಟ್ಟ ದಿನ ಎಷ್ಟು ಸೋಪು ಹಾಕಿ ತೊಳೆದ್ರೂ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಕೂತಿರ್ತದೆ, ಆ ಕೈಯನ್ನು ಟ್ಯಾಂಕಿಗೆ ಹಾಕ್ಬೇಡಿ, ಮನೆಯಲ್ಲಿ ಬೇರೆಯವರ ಹತ್ರ ಹೇಳಿ. ಮದ್ದು ಕಲಸಿದ ಡ್ರಮ್, ಬಕೆಟ್, ಅಳತೆ ಮಗ್ಗು ಯಾವುದೂ ಟ್ಯಾಂಕಿನ ಕೆಲಸಕ್ಕೆ ಬೇಡ, ಎಷ್ಟು ತೊಳೆದ್ರೂ ಬೇಡ. ಟ್ಯಾಂಕಿಗೇ ಅಂತ ಬೇರೆ ಬಣ್ಣದ ಬಕೆಟ್ ಎರಡು ತಂದಿಡಿ. ತೋಟದ ನಡುವಿನ ಬಾವಿ ನೀರನ್ನು ಆರ್‌ಓ ಡಿಐ ಮಾಡದೆ ಹಾಕ್ಬೇಡಿ, ಕೆರೆ ನೀರೂ ಬೇಡ.

ಹಂತ 4: ಜೀವಿ ಆರಿಸಿ

ನಸ್ಸಾರಿಯಸ್ ಬಸವನಹುಳು. ಹೊಯ್ಗೆಗೆ ನಾನು ಎಲ್ಲರಿಗೂ ಮೊದಲು ಹೇಳೋದು ಇದನ್ನೇ. ಹಗಲಿಡೀ ಹೊಯ್ಗೆ ಒಳಗೆ ಹೂತು ಮಲಗಿರ್ತದೆ, ಹೊರಗೆ ಕಾಣೋದು ದಾರದ ಹಾಗಿರುವ ಒಂದು ಸೊಂಡಿಲು ಮಾತ್ರ, ಅದಕ್ಕೆ ಸೈಫನ್ ಅಂತಾರೆ, ಅದ್ರಿಂದ ನೀರನ್ನು ಒಳಗೆ ಎಳ್ಕೊಂಡು ವಾಸನೆ ಹಿಡೀತದೆ. ಒಂದು ಸಿಗಡಿ ಚೂರು ನೀರಿಗೆ ಹಾಕಿ ಸುಮ್ನೆ ನೋಡ್ತಾ ನಿಲ್ಲಿ. ಅರ್ಧ ನಿಮಿಷ ಎಂತದೂ ಇಲ್ಲ, ಮತ್ತೆ ಹೊಯ್ಗೆಯಲ್ಲಿ ಒಂದು ಸಣ್ಣ ಗುಡ್ಡೆ ಏಳ್ತದೆ, ಅದು ಸೀಳಿ ಸೊಂಡಿಲು ಬರ್ತದೆ, ಸೊಂಡಿಲು ಆಚೆ ಈಚೆ ತಿರುಗ್ತದೆ, ಹಿಂದಿನಿಂದ ಚಿಪ್ಪು ಹೊಯ್ಗೆ ಉದುರಿಸ್ತಾ ಎದ್ದು ಬಂದು ತಿಂಡಿ ಇದ್ದ ಕಡೆಗೆ ಓಡ್ತದೆ. ಬಸವನಹುಳು ಅಷ್ಟು ಬೇಗ ಹೋಗ್ತದೆ ಅಂತ ನೋಡದವರಿಗೆ ನಂಬ್ಲಿಕ್ಕೆ ಕಷ್ಟ. ಹೀಗೆ ಮೇಲೆ ಕೆಳಗೆ ಹೋಗುವಾಗ ಹೊಯ್ಗೆಯೂ ಸಡಿಲ ಆಗ್ತದೆ. ಆದ್ರೆ ಇದು ಪಾಚಿ ತಿನ್ನುದಿಲ್ಲ, ಮಾಂಸದ ಚೂರು ಮಾತ್ರ. ಪಾಚಿಗೆ ಅಂತ ಇದನ್ನು ತಂದವರು ಬೇಜಾರಾಗ್ತಾರೆ.

ಸೆರಿತ್ ಬಸವನಹುಳು. ಉದ್ದ, ಚೂಪು ತುದಿ, ಗೋಪುರದ ಹಾಗಿನ ಚಿಪ್ಪು. ರಾತ್ರಿ ಕೆಲಸ ಮಾಡುವ ಜೀವಿ. ಡಯಾಟಮ್, ಪಾಚಿಯ ತೆಳು ಪದರ, ಡೆಟ್ರೈಟಸ್ ಎಲ್ಲ ತಿಂತದೆ, ಹೊಯ್ಗೆ ಮೇಲೂ ಹೋಗ್ತದೆ, ಗ್ಲಾಸಿಗೂ ಏರ್ತದೆ, ಹೊಯ್ಗೆ ಒಳಗೂ ಸ್ವಲ್ಪ ಇಳೀತದೆ. ಮಗುಚಿ ಬಿದ್ರೆ ತಾನೇ ಏಳ್ತದೆ, ಅಸ್ಟ್ರಿಯಾ ಅಂತ ಸಿಗುವ ಜಾತಿಗೆ ಹೊಯ್ಗೆ ಮೇಲೆ ಮಗುಚಿದ್ರೆ ಏಳ್ಲಿಕ್ಕಾಗುದಿಲ್ಲ, ಹಾಗೇ ಸಾಯ್ತದೆ. ಹೊಸಬರಿಗೆ ನಸ್ಸಾರಿಯಸ್, ಸೆರಿತ್ ಈ ಎರಡೇ ಸಾಕು. ಗ್ಲಾಸಲ್ಲಿ ಬಿಳಿ ಹಾವಿನ ಗೆರೆ ಹಾಗೆ ಮೊಟ್ಟೆ ಇಟ್ಟದ್ದು ಕಂಡ್ರೆ ಗಾಬರಿ ಬೇಡ.

ಕಂಚ್. ಸಣ್ಣ ಶಂಖ ಅಂತ ತಿಳ್ಕೊಳ್ಳಿ. ಸ್ಟ್ರಾಬೆರಿ ಕಂಚ್, ಫೈಟಿಂಗ್ ಕಂಚ್, ಟೈಗರ್ ಕಂಚ್ ಅಂತೆಲ್ಲ ಹೆಸರು. ಫೈಟಿಂಗ್ ಅಂದ್ರೂ ಬೇರೆ ಜೀವಿಗಳ ಜೊತೆ ಜಗಳ ಇಲ್ಲ, ತುಂಬ ಸಾಧು. ಉದ್ದ ಕೊಂಬಿನ ತುದಿಯಲ್ಲಿ ಎರಡು ಕಣ್ಣು, ನಡುವಿನಿಂದ ಆನೆ ಸೊಂಡಿಲು ಹಾಗೆ ಬಾಯಿ, ಆ ಸೊಂಡಿಲನ್ನು ಎಡಕ್ಕೆ ಬಲಕ್ಕೆ ಆಡಿಸ್ತಾ ಹೊಯ್ಗೆಯ ಮೇಲ್ಪದರ ಮೇಯ್ತಾ ಹೋಗ್ತದೆ, ಹೋದ ದಾರಿಯಲ್ಲಿ ಬೆಳ್ಳಗಿನ ಗೆರೆ ಬೀಳ್ತದೆ. ಕಂದು ಹೊಯ್ಗೆಗೆ ಇದ್ರಷ್ಟು ಒಳ್ಳೇ ಜೀವಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆದ್ರೆ ಬಯಲು ಬೇಕು. ಕಲ್ಲು ತುಂಬಿ ನಾಲ್ಕು ಬೆರಳು ಹೊಯ್ಗೆ ಕಾಣುವ ಎರಡು ಅಡಿ ಟ್ಯಾಂಕಲ್ಲಿ ಇದು ಒಂದೆರಡು ತಿಂಗಳಲ್ಲಿ ಹಸಿದು ಹೋಗ್ತದೆ. ಕ್ವೀನ್ ಕಂಚ್ ಅಂತ ಮರಿ ಕೊಟ್ರೆ ಬೇಡ, ಅದು ಒಂದು ಅಡಿ ಉದ್ದ ಬೆಳೆಯುವ ಜಾತಿ.

ಗೋಬಿ ಮೀನು. ಡೈಮಂಡ್ ಗೋಬಿ, ಗೋಲ್ಡ್ ಹೆಡ್ ಸ್ಲೀಪರ್ ಗೋಬಿ. ಬಾಯಿ ತುಂಬ ಹೊಯ್ಗೆ ತೆಗೊಂಡು ಕಿವಿರಿನಿಂದ ಹೊರಗೆ ಬಿಡ್ತದೆ, ನಡುವಿನ ಸಣ್ಣ ಹುಳಗಳನ್ನು ತಿಂತದೆ. ಹೊಯ್ಗೆ ಹಾಲಿನ ಹಾಗೆ ಬೆಳ್ಳಗಾಗ್ತದೆ ಸರಿ, ಆದ್ರೆ ಆ ಹೊಯ್ಗೆಯನ್ನು ಹವಳದ ಮೇಲೆಲ್ಲ ಸುರೀತದೆ, ಕಲ್ಲಿನ ಅಡಿ ಅಗೆದು ಕಲ್ಲು ಬೀಳಿಸ್ತದೆ, ಮುಚ್ಚಳ ಇಲ್ಲದಿದ್ರೆ ಹಾರಿ ನೆಲಕ್ಕೆ ಬೀಳ್ತದೆ. ಹೊಯ್ಗೆಯಲ್ಲಿ ಹುಳ ಮುಗಿದ ಮೇಲೆ ದಿನಾ ಎರಡು ಮೂರು ಸಲ ಫ್ರೋಜನ್ ತಿಂಡಿ ಕೊಡದಿದ್ರೆ ಹೊಟ್ಟೆ ಒಳಗೆ ಹೋಗಿ ಸಾಯ್ತದೆ. ನಾಲ್ಕು ಅಡಿ ಟ್ಯಾಂಕ್ ಇಲ್ಲದೆ ನಾನು ಹೇಳುದಿಲ್ಲ.

ಸನ್ಯಾಸಿ ಏಡಿ, ಅಂದ್ರೆ ಹರ್ಮಿಟ್ ಕ್ರ್ಯಾಬ್. ಉಳಿದ ತಿಂಡಿ, ಪಾಚಿ ಎಲ್ಲ ತಿಂತದೆ, ಆದ್ರೆ ಬೆಳೆದ ಹಾಗೆ ದೊಡ್ಡ ಚಿಪ್ಪು ಬೇಕು, ಖಾಲಿ ಚಿಪ್ಪು ಸಿಗದಿದ್ರೆ ಜೀವ ಇರುವ ಬಸವನಹುಳುವನ್ನು ಎಳೆದು ಕೊಂದು ಆ ಚಿಪ್ಪಿಗೆ ಹೋಗ್ತದೆ. ಇಡೋದಿದ್ರೆ ಬೇರೆ ಬೇರೆ ಸೈಜಿನ ಖಾಲಿ ಚಿಪ್ಪು ಕುದಿಸಿ ತೊಳೆದು ಹಾಕಿಡಿ. ನಾನು ಇಡುದಿಲ್ಲ.

ಇನ್ನು ದುಡ್ಡು ಕೊಡದೆ ಬರುವ ಜೀವಿಗಳು. ಲೈವ್ ರಾಕ್ (ಸಣ್ಣ ಜೀವಿಗಳು ಸೇರಿರುವ ಕಲ್ಲು) ಜೊತೆ ಬ್ರಿಸ್ಟಲ್ ವರ್ಮ್ ಅನ್ನುವ ಹುಳ ಬರ್ತದೆ, ಗುಲಾಬಿ ಬಣ್ಣ, ಚೊರಟೆ ಹಾಗೆ ಕಾಲು ಕಾಲು, ಪಕ್ಕದಲ್ಲಿ ಬಿಳಿ ಮುಳ್ಳಿನ ಗೊಂಚಲು. ಅದನ್ನು ಕಂಡು ಹೆದರಿ ಹಿಡಿದು ಬಿಸಾಡ್ತಾರೆ. ದಯವಿಟ್ಟು ಬಿಸಾಡ್ಬೇಡಿ, ಹೊಯ್ಗೆ ಒಳಗೆ ನುಗ್ಗಿ ಕೊಳೆತದ್ದನ್ನು ತಿನ್ನೋದ್ರಲ್ಲಿ ಅದ್ರಷ್ಟು ಕೆಲಸ ಅಂಗಡಿಯಿಂದ ತಂದ ಯಾವುದೂ ಮಾಡುದಿಲ್ಲ. ಬರಿಗೈಯಲ್ಲಿ ಮುಟ್ಬೇಡಿ, ಮುಳ್ಳು ಚುಚ್ಚಿದ್ರೆ ಉರೀತದೆ. ಕೋಪಿಪಾಡ್, ಆಂಫಿಪಾಡ್ ಅಂತ ಕಣ್ಣಿಗೆ ಚುಕ್ಕೆ ಹಾಗೆ ಕಾಣುವ ಸಣ್ಣ ಜೀವಿಗಳು, ನಾಣ್ಯಕ್ಕಿಂತ ಸಣ್ಣ ಬ್ರಿಟಲ್ ಸ್ಟಾರ್ (ತೆಳು ತೋಳಿನ, ನಕ್ಷತ್ರ ಮೀನಿನ ಹಾಗಿನ ಜೀವಿ) ಎಲ್ಲ ಒಳ್ಳೇದೇ. ರಾತ್ರಿ ಲೈಟ್ ಆಫ್ ಆಗಿ ಎರಡು ಗಂಟೆ ಕಳೆದ ಮೇಲೆ ಟಾರ್ಚ್ ಹಾಕಿದ್ರೆ ನಿಮ್ಮಲ್ಲಿ ಈಗಾಗಲೇ ಎಷ್ಟು ಉಂಟು ಅಂತ ಗೊತ್ತಾಗ್ತದೆ.

ಹಂತ 5: ಯಾರು ಹೇಳಿದ್ರೂ ತರ್ಬಾರದ್ದು

ಸ್ಯಾಂಡ್ ಸಿಫ್ಟಿಂಗ್ ಸ್ಟಾರ್. ಹೊಯ್ಗೆ ಬಣ್ಣದ, ಅಂಚಿಗೆ ಮುಳ್ಳಿರುವ ನಕ್ಷತ್ರ ಮೀನು. ಹೆಸರಲ್ಲೇ ಹೊಯ್ಗೆ ಜರಡಿ ಅಂತ ಇರೋದ್ರಿಂದ ಎಲ್ಲರೂ ತರ್ತಾರೆ, ನಾನೂ ಮೊದಲ ವರ್ಷ ಮೂರು ಅಡಿ ಟ್ಯಾಂಕಿಗೆ ತಂದಿದ್ದೆ. ಅದು ತಿನ್ನೋದು ಗಲೀಜನ್ನಲ್ಲ, ಗಲೀಜು ತಿನ್ನುವ ಹುಳಗಳನ್ನು. ನಾಲ್ಕು ತಿಂಗಳಲ್ಲಿ ಹೊಯ್ಗೆಯಲ್ಲಿದ್ದ ಜೀವ ಎಲ್ಲ ಮುಗೀತು, ಒಂದು ಬೆಳಿಗ್ಗೆ ನೋಡುವಾಗ ಒಂದು ತೋಳಿನ ತುದಿ ಬೆಳ್ಳಗಾಗಿ ಮೆತ್ತಗಾಗಿತ್ತು, ಮಾರನೇ ದಿನ ಆ ತೋಳೇ ಕಳಚಿ ಬಿದ್ದಿತ್ತು, ವಾರದೊಳಗೆ ಹೋಯ್ತು. ಹಸಿವಿನಿಂದ ಹಾಗಾದದ್ದು ಅಂತ ನನಗೆ ಗೊತ್ತಾಗುವಾಗ ತಡ ಆಗಿತ್ತು. ನಿಮ್ಮ ಟ್ಯಾಂಕಲ್ಲಿ ಹಾಗಾಗ್ಬಾರ್ದು.

ಸೀ ಕ್ಯೂಕಂಬರ್, ಸಮುದ್ರ ಸೌತೆ. ಕೆಲವು ಜಾತಿ ಹೊಯ್ಗೆ ನುಂಗಿ ಕ್ಲೀನ್ ಮಾಡೋದು ಹೌದು, ಆದ್ರೆ ಪಂಪಿಗೆ ಸಿಕ್ಕಿಯೋ ಹಸಿದೋ ಸತ್ರೆ ಹೊಲೊಥುರಿನ್ ಅನ್ನುವ ವಿಷ ಬಿಟ್ಟು ಇಡೀ ಟ್ಯಾಂಕಿನ ಮೀನು ಕೊಲ್ಲಬಹುದು. ಅದೆಲ್ಲ ಬಿಡಿ, ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ 2001ರಿಂದ ಸಮುದ್ರ ಸೌತೆ ಹಿಡಿಯೋದು, ಮಾರೋದು ನಿಷೇಧ. ಕೊಡ್ತೇನೆ ಅಂದ್ರೂ ಬೇಡ ಅನ್ನಿ. ಹಾರ್ಸ್‌ಶೂ ಕ್ರ್ಯಾಬ್ ಮರಿಯೂ ಬೇಡ, ದೊಡ್ಡದಾಗುವ ಜೀವಿ, ಅದೂ ರಕ್ಷಣೆ ಇರುವಂತದ್ದು.

ಚಾಕ್ಲೇಟ್ ಚಿಪ್ ಸ್ಟಾರ್ ಹವಳ ತಿಂತದೆ. ಹಸಿರು ಬ್ರಿಟಲ್ ಸ್ಟಾರ್ ದೊಡ್ಡದಾದ ಮೇಲೆ ರಾತ್ರಿ ಮಲಗಿದ ಮೀನನ್ನೇ ಹಿಡೀತದೆ. ಮೂನ್ ಸ್ನೈಲ್ ನುಣುಪಾಗಿ ಚೆಂದ ಕಾಣ್ತದೆ, ಹೊಯ್ಗೆ ಉಳ್ತದೆ, ಆದ್ರೆ ಮರುವಾಯಿ ಜಾತಿಯ ಚಿಪ್ಪಿಗೆ ತೂತು ಕೊರೆದು ತಿನ್ನೋದೇ ಅದ್ರ ಕಸುಬು.

ಮತ್ತೆ ಕಡಲತಡಿಯಿಂದ ಹೆಕ್ಕಿ ತರೋದು. ನೀರು ಇಳಿದಾಗ ಅಳಿವೆಯ ಕೆಸರಲ್ಲಿ ಸೆರಿತ್ ಹಾಗೇ ಕಾಣುವ ಸಣ್ಣ ಉದ್ದ ಚಿಪ್ಪಿನ ಹುಳ ರಾಶಿ ರಾಶಿ ಇರ್ತದೆ, ಅದು ಅರೆ ಉಪ್ಪುನೀರಿನ, ಕೆಸರಿನ ಜೀವಿ, ಟ್ಯಾಂಕಲ್ಲಿ ನೀರಿನಿಂದ ಮೇಲೆ ಹತ್ತಿ ಹತ್ತಿ ಒಣಗಿ ಸಾಯ್ತದೆ. ಕಲ್ಲಿನ ಎಡೆಯಿಂದ ಹೆಕ್ಕುವವರು ಇನ್ನೊಂದು ತಿಳ್ಕೊಳ್ಳಿ, ಕೋನ್ ಶೆಲ್ ಅಂತ ಕೋನ್ ಐಸ್‌ಕ್ರೀಮ್ ಆಕಾರದ, ಮೇಲೆ ಚಂದದ ಚಿತ್ತಾರ ಇರುವ ಚಿಪ್ಪು ಉಂಟು, ಅದ್ರ ಒಳಗಿನ ಜೀವಿ ವಿಷದ ಬಾಣ ಹೊಡೀತದೆ, ಅದ್ರಲ್ಲಿ ಕೆಲವು ಜಾತಿ ಮನುಷ್ಯನನ್ನೇ ಕೊಲ್ಲುವಷ್ಟು ವಿಷ. ಮಕ್ಕಳಿಗೆ ಇದನ್ನು ಹೇಳಿಡಿ.

ಕೊನೆಗೆ ನಿಮ್ಮ ಮೀನುಗಳನ್ನು ನೋಡ್ಕೊಳ್ಳಿ. ಪಫರ್, ಟ್ರಿಗರ್, ದೊಡ್ಡ ಜಾತಿಯ ರಾಸ್ ಇದ್ರೆ ನೀವು ಎಷ್ಟು ಬಸವನಹುಳು ತಂದ್ರೂ ಅದು ಅವಕ್ಕೆ ಊಟ.

ಹಂತ 6: ಲೆಕ್ಕ

ಗ್ಯಾಲನಿಗೆ (ಸುಮಾರು ನಾಲ್ಕು ಲೀಟರಿಗೆ) ಒಂದು ಜೀವಿ ಅನ್ನುವ ಹಳೇ ಲೆಕ್ಕ ಮರೆತುಬಿಡಿ, ಅದು ತುಂಬ ಜಾಸ್ತಿ. ನಾನು ಹೇಳುವ ಲೆಕ್ಕ ಶುರುವಿಗೆ ಮಾತ್ರ:

2×1×1 ಅಡಿ, ಸುಮಾರು 56 ಲೀಟರ್: ನಸ್ಸಾರಿಯಸ್ 2, ಸೆರಿತ್ 3. ಕಂಚ್ ಬೇಡ.

3×1.5×1.5 ಅಡಿ, ಸುಮಾರು 190 ಲೀಟರ್: ನಸ್ಸಾರಿಯಸ್ 5, ಸೆರಿತ್ 8. ಆರು ತಿಂಗಳು ಕಳೆದು ಹೊಯ್ಗೆ ಬಯಲು ಇದ್ರೆ ಕಂಚ್ 1.

4×2×2 ಅಡಿ, ಸುಮಾರು 450 ಲೀಟರ್: ನಸ್ಸಾರಿಯಸ್ 10, ಸೆರಿತ್ 15, ಕಂಚ್ 2. ಒಂದು ವರ್ಷ ಆದ ಮೇಲೆ, ಬೇಕಾದ್ರೆ ಮಾತ್ರ, ಗೋಬಿ 1.

ಇದ್ರಲ್ಲೂ ಮೊದಲು ಅರ್ಧ ತನ್ನಿ, ಒಂದು ತಿಂಗಳು ನೋಡಿ, ಹೊಯ್ಗೆ ಇನ್ನೂ ಕಂದು ಇದ್ರೆ ಉಳಿದ ಅರ್ಧ ತನ್ನಿ. ಅರ್ಧದಲ್ಲೇ ಕ್ಲೀನ್ ಆದ್ರೆ ಅಲ್ಲಿಗೇ ನಿಲ್ಲಿಸಿ.

ಹಂತ 7: ಅಂಗಡಿಯಿಂದ ಮನೆಗೆ

ಅಂಗಡಿಯಲ್ಲಿ ಬಸವನಹುಳು ಗ್ಲಾಸಿಗೆ ಹಿಡಿದಿದ್ಯಾ, ನಡೀತಾ ಉಂಟಾ ನೋಡಿ. ಅಡಿಯಲ್ಲಿ ಮಗುಚಿ ಬಿದ್ದದ್ದು ಬೇಡ. ನಸ್ಸಾರಿಯಸ್ ಆದ್ರೆ ಸ್ವಲ್ಪ ತಿಂಡಿ ಹಾಕ್ಲಿಕ್ಕೆ ಹೇಳಿ, ಎದ್ದು ಬಂದದ್ದನ್ನೇ ಹಿಡಿದು ಕೊಡ್ಲಿ. ಆ ಟ್ಯಾಂಕಿಗೆ ತಾಮ್ರದ ಮದ್ದು ಹಾಕಿದ್ದಾರಾ ಅಂತ ನೇರ ಕೇಳಿ. ಮಂಗಳೂರಿನಿಂದ ರೈಲಲ್ಲಿ ತರುವವರು ಥರ್ಮೋಕೋಲ್ ಬಾಕ್ಸ್ ತೆಗೊಂಡು ಹೋಗಿ, ಬರೀ ಪ್ಲಾಸ್ಟಿಕ್ ಲಕೋಟೆಯಲ್ಲಿ ಮಧ್ಯಾಹ್ನದ ಗಾಡಿಯಲ್ಲಿ ತಂದ್ರೆ ನೀರು ಬಿಸಿ ಆಗ್ತದೆ.

ಮನೆಗೆ ಬಂದ ಮೇಲೆ ಲಕೋಟೆಯನ್ನು ಹಾಗೇ ಟ್ಯಾಂಕಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಸಿ, ಶಾಖ ಸಮ ಆಗ್ತದೆ. ಆಮೇಲೆ ಸಣ್ಣ ಬಕೆಟಿಗೆ ಹಾಕಿ, ಏರ್ ಪೈಪಿಗೆ ಒಂದು ಗಂಟು ಬಿಗಿದು ಟ್ಯಾಂಕಿನ ನೀರು ಸೆಕೆಂಡಿಗೆ ಎರಡು ಮೂರು ಹನಿ ಬೀಳುವ ಹಾಗೆ ಬಿಡಿ, ಒಂದರಿಂದ ಒಂದೂವರೆ ಗಂಟೆ. ಇದಕ್ಕೆ ಡ್ರಿಪ್ ಅಂತಾರೆ. ಮೀನಿಗಿಂತ ಇವಕ್ಕೆ ಇದು ಹೆಚ್ಚು ಮುಖ್ಯ, ಉಪ್ಪಿನ ಅಂಶ ಒಮ್ಮೆಲೇ ಬದಲಾದ್ರೆ ಇವುಗಳ ಮೈ ತಡ್ಕೊಳ್ಳುದಿಲ್ಲ, ಆ ದಿನ ಸರಿ ಇದ್ದ ಹಾಗೆ ಕಂಡು ಮೂರು ನಾಲ್ಕು ದಿನ ಕಳೆದು ಸಾಯ್ತಾವೆ, ಜನ ಬೇರೆ ಎಂತದೋ ಕಾರಣ ಹುಡುಕ್ತಾರೆ. ಅಂಗಡಿಯ ನೀರನ್ನು ಟ್ಯಾಂಕಿಗೆ ಸುರೀಬೇಡಿ. ಬಿಡುವಾಗ ಮೇಲಿಂದ ಹಾಕ್ಬೇಡಿ, ಕೈಯಲ್ಲಿ ಹಿಡಿದು ಹೊಯ್ಗೆ ಮೇಲೆ ಬಾಯಿ ಕೆಳಗೆ ಮಾಡಿ ಇಡಿ. ಸಂಜೆ ಲೈಟ್ ಆಫ್ ಆದ ಮೇಲೆ ಬಿಟ್ರೆ ಒಳ್ಳೇದು.

ಬಿಳಿಚುಕ್ಕೆ ರೋಗದ ಜೀವಿ ಚಿಪ್ಪಿಗೆ ಅಂಟ್ಕೊಂಡು ಬರ್ಬಹುದು. ಬೆಲೆಬಾಳುವ ಮೀನು ಇರುವವರು ಮೀನಿಲ್ಲದ ಬೇರೆ ಟ್ಯಾಂಕಲ್ಲಿ ಇವನ್ನು 76 ದಿನ ಇಟ್ಟು ಆಮೇಲೆ ಬಿಡ್ತಾರೆ. ಜಾಗ ಇದ್ರೆ ಮಾಡಿ.

ಹಂತ 8: ಬಿಟ್ಟ ಮೇಲೆ

ಮೊದಲ ಎರಡು ಮೂರು ದಿನ ಕಾಣದಿದ್ರೆ ಅಗೆದು ಹುಡುಕ್ಬೇಡಿ. ಮಗುಚಿ ಅಲುಗಾಡದೆ ಬಿದ್ದದ್ದು ಕಂಡ್ರೆ ನೆಟ್ಟಗೆ ಇಟ್ಟು ಒಂದು ರಾತ್ರಿ ಬಿಡಿ, ಬೆಳಿಗ್ಗೆಯೂ ಹಾಗೇ ಇದ್ರೆ ಎತ್ತಿ ಮೂಸಿ. ಸತ್ತದ್ದಾದ್ರೆ ವಾಸನೆ ತಡಿಲಿಕ್ಕೆ ಆಗುದಿಲ್ಲ, ಸಂಶಯವೇ ಬರುದಿಲ್ಲ. ಕೂಡ್ಲೆ ತೆಗೀರಿ, ಅಮೋನಿಯ ಟೆಸ್ಟ್ ಮಾಡಿ.

ಹೊಯ್ಗೆ ಕ್ಲೀನ್ ಆದ ಮೇಲೆ ತಿಂಡಿ ನೀವೇ ಕೊಡ್ಬೇಕು. ನಸ್ಸಾರಿಯಸ್‌ಗೆ ವಾರಕ್ಕೆ ಎರಡು ಸಲ ಕಡ್ಲೆ ಕಾಳಿನಷ್ಟು ಹಸಿ ಸಿಗಡಿ, ಉಪ್ಪು ಮಸಾಲೆ ತಾಗದ್ದು. ಕಂಚಿಗೆ ನೋರಿ ಅಂತ ಸಿಗುವ ಒಣ ಸಮುದ್ರ ಪಾಚಿಯ ಹಾಳೆ, ಮಸಾಲೆ ಇಲ್ಲದ್ದು, ಒಂದು ಚೂರನ್ನು ಸಣ್ಣ ಕಲ್ಲಿನ ಅಡಿ ಸಿಕ್ಕಿಸಿಡಿ. ಮಾರನೇ ದಿನ ಉಳಿದಿದ್ರೆ ತೆಗೀರಿ. ಪೈಪಲ್ಲಿ ಹೊಯ್ಗೆ ಮೇಲ್ಪದರ ಎಳೆಯೋದು ಮಾತ್ರ ನಿಲ್ಲಿಸ್ಬೇಡಿ, ನೀರು ಬದಲಿಸುವ ದಿನ ಕಾಲು ಭಾಗ, ಮುಂದಿನ ಸಲ ಇನ್ನೊಂದು ಕಾಲು ಭಾಗ, ಹಾಗೆ ಮಾಡಿದ್ರೆ ಒಳಗಿನ ಹುಳಗಳಿಗೂ ತೊಂದರೆ ಇಲ್ಲ.

ಮಳೆಗಾಲಕ್ಕೆ ಒಂದು ಮಾತು. ಗಾಳಿ ಮಳೆಗೆ ಕಂಬ ಬಿದ್ದು ರಾತ್ರಿಯಿಡೀ ಕರೆಂಟ್ ಹೋಗೋದು ನಮಗೆ ಹೊಸತಲ್ಲ. ಪಂಪ್ ನಿಂತ ಮೇಲೆ ನೀರಲ್ಲಿ ಆಮ್ಲಜನಕ ಇಳೀತಾ ಬರ್ತದೆ, ಹೊಯ್ಗೆ ಒಳಗೆ ಅದಕ್ಕೂ ಬೇಗ ಇಳೀತದೆ. ತಿಂಡಿ ಹಾಕದೆ ನಸ್ಸಾರಿಯಸ್‌ಗಳೆಲ್ಲ ಒಟ್ಟಿಗೆ ಎದ್ದು ಗ್ಲಾಸ್ ಹತ್ತಿ ನೀರಿನ ಮೇಲ್ಭಾಗಕ್ಕೆ ಬಂದಿದ್ರೆ ಅದು ಉಸಿರಿನ ತೊಂದರೆ, ಮೀನುಗಳಿಗೆ ಗೊತ್ತಾಗೋದ್ರ ಮೊದಲೇ ಇವು ಹೇಳ್ತಾವೆ. ಬ್ಯಾಟರಿಯ ಏರ್ ಪಂಪ್ ಒಂದು, ಅದಕ್ಕೆ ಸೆಲ್ ನಾಲ್ಕು, ಜೂನ್ ಬರುವ ಮೊದಲೇ ತಂದು ಟ್ಯಾಂಕಿನ ಕೆಳಗೆ ಇಟ್ಟಿರಿ. ಅದೂ ಇಲ್ಲದ ರಾತ್ರಿ ಮಗ್ಗಲ್ಲಿ ನೀರು ಎತ್ತಿ ಒಂದು ಅಡಿ ಮೇಲಿಂದ ಸುರೀತಾ ಇರಿ, ಕಾಲು ಗಂಟೆಗೊಮ್ಮೆ ಹತ್ತಿಪ್ಪತ್ತು ಮಗ್ಗು, ಕರೆಂಟ್ ಬರುವ ತನಕ.